ಖಾರದ ಮಿಲ್ಲಿನಲ್ಲಿ ಕಣಿವೆ ಕುದುರೆ

ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಚಂದ್ರಕ್ಕನ ಮಿಲ್ಲು ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ ಎಂದೆಲ್ಲ ಹೇಳುವುದಿಲ್ಲ. ಹಿಂಗೇ ನೆಟ್ಟಗೆ ಹೋಗ್ರಿ, ಎಲ್ಲಿ ಸೀನು ಬರ್ತೈತೋ ಅಲ್ಲಿ ನಿಂತ್ಕಳ್ರಿ ಅಂತಾರೆ. ತಮಾಷೆಯಲ್ಲ. ಬ್ಯಾಡಗಿಯೋ ಗುಂಟೂರೋ, ಯಾವ ಮೆಣಸಿನಕಾಯಿ ಒಳಗೆ ಬಿದ್ದಿದೆ ಎಂಬುದು ಅರ್ಧ ಬೀದಿಗೆ ಮೂಗಿನಿಂದಲೇ ತಿಳಿಯುತ್ತದೆ. ಚಂದ್ರಕ್ಕನಿಗೆ ಮಾತ್ರ ಒಂದು ಸೀನೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಆ ಖಾರದಲ್ಲೇ ಉಸಿರಾಡಿದ ಹೆಂಗಸು. ಬೆರಳ ತುದಿಗಳು ಸದಾ ಕೆಂಪು. ಆ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳಬಾರದು ಎನ್ನುವುದೊಂದೇ ಮಿಲ್ಲು ಅವಳಿಗೆ ಕಲಿಸಿದ ಭಯ.

ಅವಳದೊಂದು ಪದ್ಧತಿ. ಯಾರದೇ ಕಾಯಿ ಇರಲಿ, ಮೊದಲ ಹಿಡಿ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಮೂಸಿ, ಬೆರಳಲ್ಲಿ ಉಜ್ಜಿ, ನಾಲಿಗೆ ತುದಿಗೆ ಇಟ್ಟು ನೋಡದೆ ಚೀಲ ಕಟ್ಟುವುದಿಲ್ಲ. ಕಾಯಿ ಸರಿಯಾಗಿ ಒಣಗಿಲ್ಲ ಅನ್ನಿಸಿದರೆ, ತಂದವರು ಸಾಹುಕಾರರಾಗಲಿ ಸ್ವಂತ ನಾದಿನಿಯಾಗಲಿ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾಳೆ. ಮುಲಾಜು ಅನ್ನುವುದು ಆ ಮಿಲ್ಲಿನಲ್ಲಿ ಸಿಗುವ ಸಾಮಾನಲ್ಲ. ಇಂಥ ಚಂದ್ರಕ್ಕ ಒಂದು ಸಲ ಸುಳ್ಳು ಹೇಳಿದಳು. ಅದೂ ಚೆಸ್ಸಿನ ವಿಷಯಕ್ಕೆ, ಅದೂ ತನಗೆ ಆಟ ಕಲಿಸಿದವರಿಗೆ! ಅದರಿಂದ ಏನೇನಾಯಿತು ಎಂಬುದನ್ನು ಸಾವಧಾನವಾಗಿ ಹೇಳಬೇಕು, ಆದರೆ ನನಗೇ ತಡೆಯಲಾಗುತ್ತಿಲ್ಲ.

ಹೌದು, ಚೆಸ್ಸೇ. ಸಂಜೆ ಮಿಲ್ಲಿನ ಮೋಟರು ನಿಂತಿತೆಂದರೆ ಚಂದ್ರಕ್ಕ ಸೋಪು ಹಾಕಿ ಕೈ ಉಜ್ಜಿಕೊಂಡು ಎದುರಿನ ಜುಂಜಣ್ಣನ ಸೈಕಲ್ ಅಂಗಡಿಯ ಜಗಲಿಗೆ ಹೋಗುತ್ತಾಳೆ. ಅಲ್ಲಿ ದಿನವೂ ಆಟ. ಎಷ್ಟು ತೊಳೆದರೂ ಖಾರ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಜಗಲಿಯ ಬಿಳಿ ಕಾಯಿಗಳೆಲ್ಲ ಒಂಚೂರು ಕೇಸರಿ. ದುರ್ಗದಿಂದ ಆಡಲು ಬಂದವರು ಅವಳ ಜೊತೆ ಆಡಿ ಎದ್ದ ಮೇಲೆ ನಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ. ಸೋತು ಕಣ್ಣೊರೆಸಿಕೊಂಡವರ ಕಥೆಯಂತೂ ಕೇಳಲೇಬೇಡಿ.

ಆಟ ಹತ್ತಿದ್ದು ಹುಟ್ಟೂರು ಆದಿವಾಲದಲ್ಲಿ. ಅವಳಪ್ಪನ ಹೊಲದ ಮಗ್ಗುಲಲ್ಲೇ ಮಾರಿಕಣಿವೆ ಡ್ಯಾಮಿನ ಕಾಲುವೆ. ಕಾಲುವೆಗೆ ನೀರುಗಂಟಿ ಕಾಟಲಿಂಗಪ್ಪ. ಯಾರ ಹೊಲಕ್ಕೆ ಯಾವಾಗ ನೀರು ಎಂದು ತೂಬು ಎತ್ತಿ ಇಳಿಸುವ ಕೆಲಸ. ಒಂದು ಹೊಲಕ್ಕೆ ನೀರು ಬಿಟ್ಟು, ಅದು ತುಂಬುವವರೆಗೆ ಏನು ಮಾಡಬೇಕು? ಏರಿಯ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ಬೋರ್ಡು ಹಾಸಿ, ಅವಳಪ್ಪನನ್ನು ಕೂಗುತ್ತಿದ್ದರು. ಬುತ್ತಿ ತಂದ ಹುಡುಗಿ ಬುತ್ತಿ ಇಟ್ಟು ಹೋಗುವುದು ಬಿಟ್ಟು ನಿಂತು ನೋಡಿತು. ಒಂದು ದಿನ ಅಪ್ಪ ಸೋಲುತ್ತಿದ್ದಾಗ ತಡೆಯಲಾರದೆ ಕುದುರೆ ಕಡೆ ಬೆರಳು ಮಾಡಿತು. ಕಾಟಲಿಂಗಪ್ಪ ತಲೆಯೆತ್ತಿ ನೋಡಿ, ಅವಳಪ್ಪನನ್ನು ಎಬ್ಬಿಸಿ, ಆ ಜಾಗದಲ್ಲಿ ಅವಳನ್ನು ಕೂರಿಸಿದರು. ಅವತ್ತಿನಿಂದ ಅವರು ಅವಳಿಗೆ ದೊಡ್ಡಪ್ಪ. ರಕ್ತಸಂಬಂಧ ಏನೂ ಇಲ್ಲ, ಬೇಕಾಗಿಯೂ ಇಲ್ಲ.

ಆ ಏರಿ ಮೇಲಿನ ಆಟದ ಕಾನೂನು ಈಗಿನದಲ್ಲ, ಇದೊಂದನ್ನು ನೆನಪಿಟ್ಟುಕೊಳ್ಳಿ. ಈಗಿನ ಆಟದಲ್ಲಿ ಕಾಲಾಳು ತನ್ನ ಮೊದಲ ನಡೆಗೆ ಬೇಕೆಂದರೆ ಎರಡು ಮನೆ ಎಗರಬಹುದು. ಅವರಲ್ಲೂ ಎಗರಬಹುದಿತ್ತು, ಆದರೆ ಒಂದು ಕಟ್ಟು. ಎದುರಾಳಿಯ ಕಣ್ಣು ಬಿದ್ದ ಮನೆಗೆ, ಅಂದರೆ ಹೋದ ಕೂಡಲೇ ಹೊಡೆಸಿಕೊಳ್ಳುವ ಮನೆಗೆ, ಎಗರುವಂತಿಲ್ಲ. ಸಾಯಲು ಓಡಿಹೋಗಬೇಡ, ನಡೆದುಕೊಂಡು ಹೋಗು ಎನ್ನುವ ನ್ಯಾಯ. ಆಮೇಲೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಡುವೆ ವರ್ಷಕ್ಕೊಂದು ನಾಲ್ಕೂರು ಪಂದ್ಯ ಶುರುವಾದಾಗ ಎಲ್ಲರೂ ಹೊಸ ಕಾನೂನಿಗೆ ಬಂದರು. ಬಂದದ್ದು ತಲೆ, ಕೈ ಬರಲಿಲ್ಲ. ಜಗಲಿಯಲ್ಲಿ ಆಮೇಲೂ ಯಾರ ಕೈಯೂ ಕಣ್ಣು ಬಿದ್ದ ಮನೆಗೆ ಕಾಲಾಳನ್ನು ಎಗರಿಸಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಅದು ಯಾರಿಗೂ ತೋಚುತ್ತಲೇ ಇರಲಿಲ್ಲ.

ಈಗ ಕಣಿವೆ ಕುದುರೆಯ ವಿಷಯ. ಆಟದ ಶುರುವಿನಲ್ಲೇ ಏನನ್ನಾದರೂ ಬಿಟ್ಟುಕೊಟ್ಟು, ಎದುರಾಳಿ ಅದನ್ನು ತಿಂದು ಬಾಯಿ ಒರೆಸಿಕೊಳ್ಳುವುದರೊಳಗೆ ಮೇಲೆ ಬೀಳುವುದಕ್ಕೆ ಗ್ಯಾಂಬಿಟ್ ಅಂತಾರೆ. ಜನ ಸಾಮಾನ್ಯವಾಗಿ ಕೊಡುವುದು ಒಂದು ಕಾಲಾಳನ್ನು. ಕಾಟಲಿಂಗಪ್ಪ ಕೊಡುತ್ತಿದ್ದದ್ದು ಇಡೀ ಕುದುರೆ! ಇಬ್ಬರ ಎರಡೆರಡು ಕುದುರೆಗಳೂ ಹೊರಬಂದು ನಿಂತಿರುತ್ತವೆ. ನಾಲ್ಕನೆಯ ನಡೆಗೇ ತಮ್ಮ ಕುದುರೆಯಿಂದ ಎದುರಾಳಿಯ ನಡುಮನೆಯ ಕಾಲಾಳನ್ನು ಹೊಡೆದು, ತಗೋ, ತಿನ್ನು ಎಂದು ಬಿಟ್ಟುಬಿಡುತ್ತಾರೆ. ತಿಂದವನ ಕುದುರೆಗಳನ್ನು ಆಮೇಲೆ ಎರಡು ಕಾಲಾಳುಗಳಿಂದ ಅಟ್ಟಿಕೊಂಡು ಹೋಗುತ್ತಾರೆ. ಒಂದು ಕುದುರೆ ಪಕ್ಕಕ್ಕೆ ಸರಿಯುತ್ತದೆ, ಇನ್ನೊಂದು ಹೊರಟಲ್ಲಿಗೇ, ತನ್ನ ಲಾಯಕ್ಕೇ ವಾಪಸ್. ಆಗ ಒಂಟೆ ಹೊರಡುತ್ತದೆ, ಅದರ ಹಿಂದೆ ಮಂತ್ರಿ, ಕರಿಯ ರಾಜ ಎದ್ದು ಮುಖ ತೊಳೆಯುವುದರೊಳಗೆ ಬಾಗಿಲಲ್ಲಿ ದಂಡು! ಮಾರಿಕಣಿವೆಯ ಕ್ವಾರ್ಟರ್ಸಿನಲ್ಲಿದ್ದಾಗ ಅವರೇ ಕಂಡುಹಿಡಿದದ್ದು, ಅದಕ್ಕೇ ಆ ಹೆಸರು. ತೂಬು ಎತ್ತಿದ ಮೇಲೆ ನೀರು ತಿರುಗಿ ಬರೋದಿಲ್ಲ, ಕೊಟ್ಟ ಕುದುರೆ ತಿರುಗಿ ಕೇಳಬಾರದು ಎನ್ನುತ್ತಿದ್ದರು. ನಾಲ್ಕೂರಿನಲ್ಲೂ ಕಾಟಲಿಂಗಪ್ಪ ಎಂದರೆ ಕಣಿವೆ ಕುದುರೆ. ಮನುಷ್ಯನಿಗೆ ಹೊಲವಿಲ್ಲ, ಮಕ್ಕಳಿಲ್ಲ, ಹೆಂಡತಿ ಹೋಗಿ ಬಹಳ ಕಾಲವಾಯಿತು. ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಚಂದ್ರಕ್ಕನ ಮಗಳು ದೀಪಾ ಬಿ.ಕಾಂ. ಓದಿಗೆಂದು ಒಂದು ಹಳೇ ಲ್ಯಾಪ್‌ಟಾಪ್ ತಂದಳು. ಅದರಲ್ಲಿ ಚೆಸ್ ಎಂಜಿನ್ ಎಂಬ ಪ್ರೋಗ್ರಾಮು ಹಾಕಿ ಅಮ್ಮನಿಗೆ ತೋರಿಸಿದಳು. ಆಟದ ಯಾವ ಹಂತವನ್ನಾದರೂ ಅದರ ಮುಂದೆ ಇಡು, ಮುಂದಿನ ಒಳ್ಳೆಯ ನಡೆ ಯಾವುದು, ಯಾರು ಮೇಲೆ, ಎಷ್ಟು ಮೇಲೆ, ಎಲ್ಲ ಹೇಳುತ್ತದೆ. ಪ್ಲಸ್ ಇದ್ದರೆ ಬಿಳಿಯನಿಗೆ ಲಾಭ, ಮೈನಸ್ ಇದ್ದರೆ ಕರಿಯನಿಗೆ. ಅಯ್ಯೋ, ಚಂದ್ರಕ್ಕನ ಸಡಗರ ನೋಡಬೇಕಿತ್ತು! ಹುಟ್ಟಿದಾಗಿನಿಂದ ಎಲ್ಲವನ್ನೂ ಮೂಸಿ ನೋಡುವ ಹೆಂಗಸಿಗೆ, ಇಡೀ ಚದುರಂಗವನ್ನೇ ಮೂಸಿ ನೋಡುವ ಮೂಗು ಸಿಕ್ಕಿತ್ತು. ಜಗಲಿಯಲ್ಲಿ ಯಾರು ಯಾವ ಗ್ಯಾಂಬಿಟ್ ಆಡಿದರೂ ಮಾರನೆಯ ದಿನ ಪರೀಕ್ಷೆ. ಜುಂಜಣ್ಣ ರಾಜನ ಮುಂದಿನ ಕಾಲಾಳನ್ನು ಕಾಯದೆ ಬಿಟ್ಟುಕೊಡುವ ಆಟಕ್ಕೆ ಎಂಜಿನ್ನು ಮುಖ ಸಿಂಡರಿಸಿತು, ಆದರೆ ಆಡಿಕೊಳ್ಳಬಹುದು ಎಂದಿತು. ಬೇರೊಂದು ಕಾಲಾಳನ್ನು ಕಾಯದೆ ಬಿಡುವ ಇನ್ನೊಂದು ಆಟ ಪೂರ್ತಿ ಗಟ್ಟಿ ಎಂದಿತು. ತಾನೇ ಪ್ರೀತಿಯಿಂದ ಆಡುತ್ತಿದ್ದ ಎರಡು ಬರೀ ಹೊಟ್ಟು ಎಂದಾಗ, ಚಂದ್ರಕ್ಕ ಬೇಸರಪಡಲಿಲ್ಲ, ಮಿಲ್ಲಿನಲ್ಲೇ ಕುಣಿದಳು. ಸುಳ್ಳು ಸಿಕ್ಕಿಬಿದ್ದಿತಲ್ಲ ಎಂಬ ಖುಷಿ.

ತೊಂದರೆ ಒಂದೇ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಕರೆಂಟಿನಲ್ಲೇ ಓಡಬೇಕು. ಮಿಲ್ಲಿನ ಮೋಟರು ಶುರುವಾದ ಕೂಡಲೇ ವೋಲ್ಟೇಜು ಬಿದ್ದು ಅದು ಆರಿಹೋಗುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಖಾರ ಅರೆಯಬೇಕು, ಇಲ್ಲವೇ ಗ್ಯಾಂಬಿಟ್ ಅರೆಯಬೇಕು. ಎಂಜಿನ್ನು ಗಾಢ ಯೋಚನೆಯಲ್ಲಿದ್ದರೆ ಚಂದ್ರಕ್ಕ ಮೋಟರಿನ ಸ್ವಿಚ್ಚಿಗೆ ಅಡ್ಡ ನಿಲ್ಲುತ್ತಿದ್ದಳು. ಬಾಗಿಲಲ್ಲಿ ಮೆಣಸಿನಕಾಯಿ ಚೀಲದವರ ಸಾಲು. ಗಂಡ ಹನುಮಂತರಾಜು, ಗೂಡ್ಸ್ ಆಟೋ ಓಡಿಸುವ ಶಾಂತ ಮನುಷ್ಯ, ಆ ಸಾಲಿಗೆ ಸಮಾಧಾನ ಹೇಳುತ್ತಿದ್ದ. ಒಳಗೆ ಕುದುರೆಗೆ ಆಪರೇಷನ್ ನಡೀತೈತೆ, ಒಂಚೂರು ತಡ್ಕಳ್ರಿ ಎನ್ನುತ್ತಿದ್ದ.

ಜಗಲಿಗೆ ಬಂದು ಅವಳು ಹೇಳುವ ತೀರ್ಪುಗಳನ್ನು, ರಿಟೈರಾದ ಮೇಲೆ ಹಿರಿಯೂರಿಗೇ ಬಂದು ನೆಲೆಸಿದ್ದ ಕಾಟಲಿಂಗಪ್ಪ ಬೀಡಿ ಹಚ್ಚಿಕೊಂಡು ಕೇಳುತ್ತಿದ್ದರು. ಒಂದು ಸಂಜೆ ಅವರೇ ಕೇಳಿದರು, ಕಣಿವೆ ಕುದುರೆಯನ್ನೂ ಆ ಮಷೀನಿನ ಮುಂದೆ ಇಟ್ಟು ನೋಡು ಎಂದು. ದೀಪಾ ಆಗಲೇ ಹುಡುಕಿದ್ದಳು. ಪರದೇಶದವರೂ ಇದೇ ಕುದುರೆ ಕೊಡುತ್ತಾರಂತೆ, ಅದಕ್ಕೆ ಅವರ ದೆವ್ವದ ಹಬ್ಬವೊಂದರ ಹೆಸರಿಟ್ಟಿದ್ದಾರಂತೆ ಎಂದಳು. ಕಾಟಲಿಂಗಪ್ಪ ನಕ್ಕುಬಿಟ್ಟರು. ಇಟ್ಟುಕೊಳ್ಳಲಿ, ಅವರ ದೆವ್ವ ಅವರಿಗೆ, ನಮ್ಮ ಕುದುರೆ ನಮಗೆ ಎಂದರು.

ಮಾರನೆಯ ಮಧ್ಯಾಹ್ನ ಊಟದ ಹೊತ್ತಿಗೆ ಮಿಲ್ಲಿಗೆ ಅರ್ಧ ಬಾಗಿಲು ಹಾಕಿ ಚಂದ್ರಕ್ಕ ಕುಳಿತಳು. ಒಂದೊಂದೇ ನಡೆ ಇಟ್ಟುಕೊಂಡು ಹೋದಳು. ಕುದುರೆ ಕೊಟ್ಟ ಕೂಡಲೇ ಪರದೆಯ ಮೇಲೆ ಮೈನಸ್ ಬಂತು, ಅದಕ್ಕೆ ಅವಳು ಹೆದರಲಿಲ್ಲ. ಕೊಟ್ಟ ಮೇಲೆ ಕೈ ಖಾಲಿ ಇರುವುದೇ, ವಸೂಲಾಗುತ್ತದೋ ಇಲ್ಲವೋ ಎನ್ನುವುದು ತಾನೆ ಪ್ರಶ್ನೆ? ಒಂದು ಕರಿ ಕುದುರೆ ಪಕ್ಕಕ್ಕೆ ಸರಿಯಿತು, ಇನ್ನೊಂದು ಲಾಯಕ್ಕೆ ಓಡಿತು, ಬಿಳಿ ಒಂಟೆ ಹೊರಬಂತು. ಜಗಲಿಯಲ್ಲಿ ನೂರಾರು ಸಲ ಕಂಡ ಚಿತ್ರ. ಇಲ್ಲಿ ಕರಿಯ ಏನು ಮಾಡಿದರೂ ಬೆವರು ಹರಿಸಬೇಕು. ಎಂಜಿನ್ನು ಕ್ಷಣಮಾತ್ರ ತಡವರಿಸಿತು. ಆಮೇಲೆ ಮಂತ್ರಿಯ ಮುಂದಿನ ಕರಿ ಕಾಲಾಳನ್ನು ಎತ್ತಿ ಎರಡು ಮನೆ ಎಗರಿಸಿತು. ನೇರ ಬಿಳಿ ಒಂಟೆಯ ಬಾಯಿಗೆ!

ಚಂದ್ರಕ್ಕನಿಗೆ ಮೊದಲು ಅನ್ನಿಸಿದ್ದು, ಇದು ತಪ್ಪು ನಡೆ, ಹಿಂಗೆ ಆಡಂಗಿಲ್ಲ ಎಂದು. ಕಣ್ಣು ಬಿದ್ದ ಮನೆ! ಒಂಟೆಯೂ ನೋಡುತ್ತಿದೆ, ಕುದುರೆಯೂ ನೋಡುತ್ತಿದೆ. ಆಮೇಲೆ ಹೊಳೆಯಿತು. ಆಡಬಹುದು. ಈಗಿನ ಕಾನೂನಿನಲ್ಲಿ ಧಾರಾಳವಾಗಿ ಆಡಬಹುದು. ಮಷೀನಿಗೆ ಕಾಲುವೆ ಏರಿಯ ಮರ್ಯಾದೆ ಗೊತ್ತಿಲ್ಲ, ಅದಕ್ಕೆ ಕಂಡಿತು. ಅವಳು ಬಿಳಿ ಒಂಟೆಯಿಂದ ಆ ಕಾಲಾಳನ್ನು ಹೊಡೆಸಿದಳು. ಪಕ್ಕದ ಕರಿ ಕಾಲಾಳು ಒಂದು ಹೆಜ್ಜೆ ಬಂದು ಒಂಟೆಯನ್ನು ಅಟ್ಟಿತು. ಒಂಟೆ ಹಿಂದೆ ಹೋಯಿತು. ಅಷ್ಟರಲ್ಲಿ ಕರಿಯನ ಬಾಗಿಲುಗಳೆಲ್ಲ ತೆರೆದು ಅವನ ಒಂಟೆ, ಮಂತ್ರಿ ಎಲ್ಲ ಹೊರಗೆ. ಕೊಟ್ಟ ಒಂದು ಕುದುರೆಗೆ ಬದಲಾಗಿ ಬಿಳಿಯನ ಕೈಗೆ ಬಂದದ್ದು ಎರಡು ಕಾಲಾಳು, ದಾಳಿಯ ಸುಳಿವೇ ಇಲ್ಲ. ಬೇರೆ ದಾರಿಗಳನ್ನೂ ಎಂಜಿನ್ನು ತೋರಿಸಿತು, ಅವೆಲ್ಲ ಮುಳ್ಳಿನ ದಾರಿ. ಇದು ಮಾತ್ರ ಹೆದ್ದಾರಿ.

ಸತ್ಯ ಹೇಳಬೇಕೆಂದರೆ ಆ ಕ್ಷಣಕ್ಕೆ ಚಂದ್ರಕ್ಕನಿಗೆ ಆದದ್ದು ಸಂತೋಷವೇ. ಕುರ್ಚಿಯಿಂದ ಎದ್ದು ನಿಂತಳು. ಇಷ್ಟು ವರ್ಷ ನಾಲ್ಕೂರಿನ ಜನ ಅದರ ಮುಂದೆಯೇ ಕೂತಿದ್ದರೂ ಯಾರಿಗೂ ಕಾಣಲಿಲ್ಲವಲ್ಲ! ಕಾಣದ್ದು ದಡ್ಡತನದಿಂದಲ್ಲ, ಕಲಿತ ಮರ್ಯಾದೆಯಿಂದ! ಓಡಿಹೋಗಿ ಯಾರಿಗಾದರೂ ಹೇಳಬೇಕು ಎಂದು ಬಾಗಿಲವರೆಗೆ ಹೋದಳು. ರಸ್ತೆಯ ಆಚೆ ಜಗಲಿಯ ಮೇಲೆ ಕಾಟಲಿಂಗಪ್ಪ ಒಬ್ಬರೇ ಕೂತು ಕಾಯಿಗಳನ್ನು ಜೋಡಿಸುತ್ತಿದ್ದರು. ಚಂದ್ರಕ್ಕನ ಕಾಲು ಹೊಸಿಲಲ್ಲೇ ನಿಂತಿತು.

ಸಂಜೆ ಅವರೇ ಕೇಳಿದರು.

"ನನ್ ಕುದುರೆಗೆ ಏನಂತು ನಿನ್ ಮಷೀನು?"

"ಗಟ್ಟಿ ಐತಂತೆ ದೊಡ್ಡಪ್ಪ."

ಹೇಳಿದ ಮೇಲೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಿಸಿಲಿನ ವಿಷಯ, ಮೆಣಸಿನಕಾಯಿ ರೇಟಿನ ವಿಷಯ, ಕೇಳದ್ದನ್ನೆಲ್ಲ ಮಾತಾಡಿದಳು. ಕಾಟಲಿಂಗಪ್ಪ ಹೂಂ ಎಂದರು, ಬೀಡಿ ಸೇದಿದರು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡು ಇರಬಹುದಿತ್ತು. ಆದರೆ ನಾಲ್ಕೂರು ಪಂದ್ಯ ಹತ್ತಿರ ಬಂದಿತ್ತು, ಈ ಸಲ ದುರ್ಗದಲ್ಲಿ. ಹೊಳಲ್ಕೆರೆಯ ಕಡೆಯಿಂದ ಮೊದಲ ಬೋರ್ಡಿಗೆ, ಅಂದರೆ ಊರಿನ ಅತಿ ಗಟ್ಟಿ ಆಟಗಾರನ ಜಾಗಕ್ಕೆ, ಕೂರುವವನು ರಾಮಗಿರಿಯ ಶರಣ್. ಮೊಬೈಲ್ ರಿಪೇರಿ ಅಂಗಡಿಯವನು, ಒಳ್ಳೆಯ ಆಟಗಾರ, ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿ ಜರಡಿ ಹಿಡಿದು ಬರುವವನು. ಹೋದ ವರ್ಷ ಹೊಸದುರ್ಗದ ಶಿವಕುಮಾರಪ್ಪ ಎಂಬ ಹಿರಿಯರು ತಮ್ಮ ಮೆಚ್ಚಿನ ಗ್ಯಾಂಬಿಟ್ ಆಡಿದಾಗ, ಇವನು ಗಡಿಯಾರ ನೋಡುವಷ್ಟೂ ಯೋಚಿಸದೆ ಟಕಟಕ ಎಂದು ಉತ್ತರ ಕೊಟ್ಟು ಮುಗಿಸಿದ್ದ. ಸುತ್ತ ನಿಂತವರು ಚಪ್ಪಾಳೆ ಹೊಡೆದಿದ್ದರು. ಅವನದೇನೂ ತಪ್ಪಿಲ್ಲ, ಆಟ ಆಟವೇ. ಶಿವಕುಮಾರಪ್ಪ ಮಾತ್ರ ಅವತ್ತಿನಿಂದ ಬೋರ್ಡು ಮುಟ್ಟಿಲ್ಲ. ಈಗ ಕಾಟಲಿಂಗಪ್ಪ ಹೋಗಿ ಆ ಶರಣನ ಮುಂದೆ ಕೂತು, ಎಲ್ಲರೂ ಕಾಯುತ್ತಿರುವ ಹಾಗೆ ಕುದುರೆ ಎತ್ತಿ ಕೊಟ್ಟರೆ? ಆ ಚಪ್ಪಾಳೆ ನೆನೆಸಿಕೊಂಡರೆ ಚಂದ್ರಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಹೇಳಿದರೆ ಮುದುಕರ ಜೀವನದ ಒಂದೇ ಆಸ್ತಿ ಹೊಟ್ಟು ಎಂದ ಹಾಗೆ. ಹೇಳದಿದ್ದರೆ ನಾಲ್ಕೂರಿನ ಎದುರು ಅದು ಹೊಟ್ಟಾಗುತ್ತದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆ ತಿಂಗಳೆಲ್ಲ ಅವಳು ಒಂದೇ ಹುಚ್ಚಿನಲ್ಲಿದ್ದಳು. ಕುದುರೆಯನ್ನು ಉಳಿಸುವ ಒಂದು ನಡೆ, ಎಲ್ಲಾದರೂ ಒಂದೇ ಒಂದು ನಡೆ ಇದ್ದೀತು! ಒಂಟೆಯ ಬದಲು ಮೊದಲು ಮಂತ್ರಿ ತಂದರೆ? ಕಾಲಾಳನ್ನು ಕುದುರೆಯಿಂದ ಹೊಡೆದರೆ? ಒಂದು ಮಧ್ಯಾಹ್ನ ಮೈನಸ್ಸು ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದೇಬಿಟ್ಟಿತು. ಅವಳು ಅದನ್ನೇ ನೋಡುತ್ತಿದ್ದಾಗ ಹೊರಗೆ ಕಾದು ಕಾದು ಸಾಕಾದ ಯಾರೋ ಒಳಗೆ ಬಂದು ಮೋಟರಿನ ಸ್ವಿಚ್ಚು ಒತ್ತಿದರು. ಪರದೆ ಕಪ್ಪಗಾಯಿತು. ಆವತ್ತು ಚಂದ್ರಕ್ಕ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಮತ್ತೆ ಮೊದಲಿನಿಂದ ಇಟ್ಟು ನೋಡಿದಳು. ಇನ್ನೂ ಒಂಚೂರು ಹೊತ್ತು ಬಿಟ್ಟರೆ ಅಲ್ಲೂ ಎಂಜಿನ್ನು ಕರಿಯನಿಗೆ ಹೊಸ ಬಾಗಿ‌ಲು ತೆರೆಯಿತು. ಕುದುರೆ ಉಳಿಯಲಿಲ್ಲ.

ಈ ಮಧ್ಯೆ ಜಗಲಿಯಲ್ಲಿ ಕಾಟಲಿಂಗಪ್ಪ ಬಿಳಿ ಹಿಡಿದಾಗಲೆಲ್ಲ ಅವಳು ಮೊದಲ ನಡೆಯಿಂದಲೇ ಬೇರೆ ದಾರಿ ಹಿಡಿಯುತ್ತಿದ್ದಳು, ಆಟ ಕುದುರೆ ಕೊಡುವ ಹಂತಕ್ಕೇ ಬರದಂತೆ. ಅವರು ಏನೂ ಕೇಳಲಿಲ್ಲ. ಅವರು ಏನೂ ಕೇಳದಿದ್ದದ್ದು ಚಂದ್ರಕ್ಕನಿಗೆ ಕೇಳಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಕೊನೆಗೆ ಗಂಡನ ಮುಂದೆ ಎಲ್ಲ ಕಕ್ಕಿದಳು. ಹನುಮಂತರಾಜುಗೆ ಚೆಸ್ಸಿನಲ್ಲಿ ಆನೆ ಯಾವುದು, ಒಂಟೆ ಯಾವುದು ಎಂದು ತಿಳಿಯದು. ಪೂರ್ತಿ ಕೇಳಿಸಿಕೊಂಡು, ಆಟೋದ ಗಾಜು ಒರೆಸುತ್ತಲೇ ಹೇಳಿದ.

"ಹಲ್ಲು ಕೀಳಿಸ್ಲೇಬೇಕು ಅಂದ್ರೆ ಗುರುತಿರೋರ ಕೈಲಿ ಕೀಳಿಸ್ಬೇಕು ಕಣೆ. ನೋವು ಅಷ್ಟೇ ಆಗ್ತೈತೆ. ಆದ್ರೆ ಅವಮಾನ ಆಗಲ್ಲ."

ಚಂದ್ರಕ್ಕ ಅವನನ್ನೇ ನೋಡಿದಳು. ಇಷ್ಟು ದಿನ ಎಂಜಿನ್ನಿಗೂ ಹೊಳೆಯದ ನಡೆ ಇದು! ಹಿರಿಯೂರಿನ ಮೊದಲ ಬೋರ್ಡು ಯಾರು ಎಂದು ತೀರ್ಮಾನಿಸಲು ದುರ್ಗಕ್ಕೆ ಹೋಗುವ ಹಿಂದಿನ ಭಾನುವಾರ ಜಗಲಿಯಲ್ಲಿ ಒಂದು ಆಟ ನಡೆಯುತ್ತದೆ. ಹೆಸರಿಗೆ ಪಂದ್ಯ. ಪ್ರತಿ ವರ್ಷ ಅವಳು, ಕಾಟಲಿಂಗಪ್ಪ ಕೂರುತ್ತಾರೆ, ಕಾಟಲಿಂಗಪ್ಪ ಗೆಲ್ಲುತ್ತಾರೆ. ಕುದುರೆ ಬೀಳುವುದಾದರೆ ಅಲ್ಲೇ ಬೀಳಲಿ, ಮನೆಯ ಜಗಲಿಯಲ್ಲಿ, ಮನೆಯವಳ ಕೈಯಲ್ಲಿ. ಶರಣನ ಕೈಗೆ, ಆ ಚಪ್ಪಾಳೆಯ ಕೈಗೆ ಕೊಡುವುದಿಲ್ಲ. ನಿರ್ಧಾರವಾದ ಮೇಲೆ ಮೈಯೆಲ್ಲ ಹಗುರಾಗಿ, ಆ ವಾರ ಮಿಲ್ಲಿನಲ್ಲಿ ತಂದ ಕಾಯಿಯನ್ನೆಲ್ಲ ಬಿರಬಿರನೆ ಅರೆದು ಕಳಿಸಿದಳು.

ಭಾನುವಾರ ಜಗಲಿ ತುಂಬಿತ್ತು. ಸೈಕಲ್ ರಿಪೇರಿಗೆ ಬಂದವರೂ ರಿಪೇರಿ ಮರೆತು ನಿಂತಿದ್ದರು. ಜುಂಜಣ್ಣ ಎರಡು ಮುಷ್ಟಿ ಮುಂದೆ ಮಾಡಿದ, ಕಾಟಲಿಂಗಪ್ಪ ಮುಟ್ಟಿದ್ದರಲ್ಲಿ ಬಿಳಿ ಬಂತು. ಅವರು ರಾಜನ ಮುಂದಿನ ಕಾಲಾಳನ್ನು ತಳ್ಳಿದರು. ಚಂದ್ರಕ್ಕನೂ ತಳ್ಳಿದಳು. ತಿಂಗಳಿಂದ ಮುಚ್ಚಿಟ್ಟಿದ್ದ ದಾರಿಯನ್ನು ತೆರೆದಳು. ಅವರ ಕುದುರೆ ಬಂತು, ಇವಳ ಕುದುರೆ ಬಂತು. ಅವರ ಇನ್ನೊಂದು ಕುದುರೆ, ಇವಳ ಇನ್ನೊಂದು ಕುದುರೆ. ಕಾಟಲಿಂಗಪ್ಪ ಒಮ್ಮೆ ತಲೆಯೆತ್ತಿ ಅವಳ ಮುಖ ನೋಡಿದರು. ಆಮೇಲೆ ಆ ನಡುಮನೆಯ ಕಾಲಾಳನ್ನು ಕುದುರೆಯಿಂದ ಹೊಡೆದು ಕೈ ಹಿಂದಕ್ಕೆ ತೆಗೆದುಕೊಂಡರು. ಬಂತು ನೋಡು ಕಣಿವೆ ಕುದುರೆ ಎಂದು ಜನ ಗುಜುಗುಜು ಎಂದಿತು.

ಚಂದ್ರಕ್ಕ ತಿಂದಳು. ಕಾಲಾಳು ಅಟ್ಟಿತು, ಅವಳ ಒಂದು ಕುದುರೆ ಪಕ್ಕಕ್ಕೆ ಸರಿಯಿತು. ಇನ್ನೊಂದು ಕಾಲಾಳು ಅಟ್ಟಿತು, ಅವಳ ಮತ್ತೊಂದು ಕುದುರೆ ಲಾಯಕ್ಕೆ ಓಡಿತು. ಬಿಳಿ ಒಂಟೆ ಹೊರಬಂತು. ಬಂದೇಬಿಟ್ಟಿತು ಆ ಗಳಿಗೆ. ಅವಳ ಕಿವಿಯಲ್ಲಿ ತನ್ನ ಎದೆಯ ಸದ್ದೇ ಮೋಟರಿನ ಹಾಗೆ. ಮಂತ್ರಿಯ ಮುಂದಿನ ಕಾಲಾಳಿನ ತಲೆ ಮೇಲೆ ಬೆರಳಿಟ್ಟಳು. ಎರಡು ಮನೆ. ಎರಡೇ ಮನೆ, ಮುಗಿಯಿತು.

ತಳ್ಳಿದಳು. ಕಾಲಾಳು ಒಂದು ಮನೆ ದಾಟಿ ಎರಡನೆಯದಕ್ಕೆ ಹೋಗಬೇಕಾದಲ್ಲಿ ಅವಳ ಕೈ ನಿಂತುಬಿಟ್ಟಿತು. ಎದುರಿಗೆ ಬೋರ್ಡಿನ ಮೇಲೆ ಬಗ್ಗಿದ ಆ ನರೆತ ತಲೆ, ಬೀಡಿ ಸುಟ್ಟ ಬೆರಳು. ಅಪ್ಪನನ್ನು ಎಬ್ಬಿಸಿ ತನ್ನನ್ನು ಕೂರಿಸಿದ ಮನುಷ್ಯ. ಆಗುವುದಿಲ್ಲ. ಒಂದೇ ಮನೆಗೆ ನಿಲ್ಲಿಸಿದರೆ ಬಿಳಿ ಮಂತ್ರಿ ಹೊರಬರುತ್ತದೆ, ಒಂಟೆಯ ಜೊತೆ ಸೇರಿ ರಾಜನ ಪಕ್ಕದ ಮನೆಗೆ ಕಣ್ಣು ಹಾಕುತ್ತದೆ, ದೊಡ್ಡಪ್ಪ ಗೆಲ್ಲುತ್ತಾರೆ, ಎಲ್ಲ ಮೊದಲಿನ ಹಾಗೇ. ಗೆಲ್ಲಲಿ. ಬೆರಳು ಎತ್ತಿದರೆ ನಡೆ ಮುಗಿದ ಹಾಗೆ, ಅವಳು ಎತ್ತಲು ಹೊರಟಳು.

"ಬೆರಳು ಎತ್ತಬ್ಯಾಡ."

ಕಾಟಲಿಂಗಪ್ಪ ತಲೆಯೆತ್ತದೆಯೇ ಹೇಳಿದ್ದು. ಚಂದ್ರಕ್ಕನ ಬೆರಳು ಕಾಲಾಳಿನ ಮೇಲೇ ಅಂಟಿತು.

"ಇನ್ನೊಂದು ಮನೆ ಐತೆ."

ಜಗಲಿಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಅವಳಿಗೆ ಅರ್ಥವಾಯಿತು. ಅವರು ಈಗ ನೇರ ಅವಳನ್ನೇ ನೋಡುತ್ತಿದ್ದರು.

"ತಿಂಗಳಿಂದ ನನ್ ಕುದುರೆ ಎದುರಿಗೆ ಬರ್ದಂಗೆ ತಪ್ಪಿಸ್ಕಂಡು ತಿರುಗ್ತಿದೀಯ. ಕೆಟ್ಟ ಕಾಯಿ ಮೂಸಿದಾಗ ನೀನು ಮುಖ ತಿರುಗ್ಸೋದು ನಂಗೆ ಗೊತ್ತಿಲ್ವೇನವ್ವ? ಮನ್ಯಾಗೆ ಬೋರ್ಡು ಹಾಸ್ಕಂಡು ನಾನೂ ಹುಡುಕ್ದೆ. ಕಾಲುವೆ ಏರಿ ಮ್ಯಾಲಿನ ಕಾನೂನು ಮರೆತು ನೋಡಿದ್ ದಿನ ಸಿಕ್ತು. ಮಷೀನು ಹೇಳಿದ್ದು ಸರಿ. ನೀನು ಹೇಳಿದ್ದು ಸುಳ್ಳು."

ಗೊತ್ತಿದ್ದೂ ಯಾಕೆ ಕುದುರೆ ಕೊಟ್ಟಿರಿ ಎಂದು ಜುಂಜಣ್ಣನೇ ಕೇಳಿದ. ಅವಳು ಎಗರ್ತಾಳೋ ಇಲ್ಲವೋ ನೋಡಬೇಕಿತ್ತು ಎಂದರು ಕಾಟಲಿಂಗಪ್ಪ. ತನಗೆ ಗೆಲುವು ದಾನ ಕೊಡುವವಳನ್ನು ದುರ್ಗಕ್ಕೆ ಮೊದಲ ಬೋರ್ಡಿಗೆ ಕಳಿಸುವುದು ಹೇಗೆ? ಮುದುಕ ಎಂದು ಕನಿಕರಪಡುವ ಕೈ ಅಲ್ಲಿ ಶರಣನ ಮುಂದೆ ಏನು ಮಾಡೀತು?

ಚಂದ್ರಕ್ಕ ಬೆರಳು ಎತ್ತದೆ, ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ ಒತ್ತಿದಳು, ಒಂಟೆಯ ಬಾಯಿಗೆ, ಕಣ್ಣು ಬಿದ್ದ ಮನೆಗೆ. ಆ ಜಗಲಿಯಲ್ಲಿ ಹಾಗೆ ಎಗರಿದ ಮೊದಲ ಕಾಲಾಳು ಅದು! ಎಗರಿತು, ಎಗರಿತು ಎಂದು ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು. ಆಚೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ಲೊಂದು ದಡಾರನೆ ಬಿತ್ತು, ಯಾರೂ ತಿರುಗಿ ನೋಡಲಿಲ್ಲ.

ಆಮೇಲಿನ ಆಟವನ್ನು ಹೇಗೆ ವರ್ಣಿಸಲಿ! ಕಾಟಲಿಂಗಪ್ಪ ಸುಮ್ಮನೆ ಸಾಯುವ ಆಸಾಮಿಯಲ್ಲ. ಒಂಟೆಯಿಂದ ಹೊಡೆದರು, ಅಟ್ಟಿದಾಗ ಹಿಂದೆ ಸರಿದರು, ಮಂತ್ರಿ ತಂದು ಹೆದರಿಸಿದರು, ಹೆಚ್ಚಿಗೆ ಇದ್ದ ಎರಡು ಕಾಲಾಳುಗಳನ್ನೇ ಆನೆಗಳ ಹಾಗೆ ನುಗ್ಗಿಸಿದರು. ಒಂದೊಂದು ನಡೆಗೂ ತೊಡೆ ತಟ್ಟಿ, ಇದಕ್ಕೇನಂತೀಯ, ಇದಕ್ಕೇನಂತೀಯ ಎಂದು ಕೇಳುತ್ತಿದ್ದರು. ಚಂದ್ರಕ್ಕನಿಗೆ ಎಂಜಿನ್ನು ಹೇಳಿದ್ದು ಯಾವಾಗಲೋ ಮುಗಿದುಹೋಗಿತ್ತು, ಈಗ ಆಡುತ್ತಿದ್ದದ್ದು ಅವಳೇ. ಒಂದು ಸಲವಂತೂ ಸೋತೇಬಿಟ್ಟೆ ಎಂದುಕೊಂಡಳು, ತಪ್ಪಿಸಿಕೊಂಡಳು. ಅವಳು ತನ್ನ ಬಾಳಿನಲ್ಲಿ ಅಂಥ ಆಟ ಆಡಿರಲಿಲ್ಲ. ಕೊನೆಗೆ ಕಾಟಲಿಂಗಪ್ಪ ಬೋರ್ಡನ್ನು ಬಹಳ ಹೊತ್ತು ನೋಡಿ, ಸೋಲೊಪ್ಪಿ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು.

ಜಗಲಿಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಂದ್ರಕ್ಕ ಮೊದಲು ತಿಂದಿದ್ದ ಆ ಬಿಳಿ ಕುದುರೆಯನ್ನು ಎತ್ತಿ ಅವರ ಕಡೆ ಚಾಚಿದಳು. ಬರಿದೇ ದೊಡ್ಡಪ್ಪ ಎಂದಳು. ಅವರು ಅವಳ ಬೆರಳುಗಳನ್ನು ಕುದುರೆಯ ಮೇಲೆ ಮಡಿಸಿ ಮುಚ್ಚಿದರು.

"ಕೊಟ್ಟ ಕುದುರೆ ತಿರುಗಿ ಕೇಳೋನಲ್ಲ ನಾನು. ದುರ್ಗಕ್ಕೆ ತಗಂಡು ಹೋಗು."

ಮಿಲ್ಲು ಕಲಿಸಿದ ಒಂದೇ ಪಾಠವನ್ನು ಚಂದ್ರಕ್ಕ ಅವತ್ತು ಮರೆತಳು. ಕೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಬೇಕೆ? ಧಾರಾಕಾರ. ಜುಂಜಣ್ಣ ನೀರು ತರಲು ಓಡಿದ. ಎಲ್ಲ ಖಾರದ್ದು ಎಂದು ಜನ ಅಂದುಕೊಂಡರು, ಅವಳೂ ಹಾಗೇ ಹೇಳಿದಳು. ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಕಾಟಲಿಂಗಪ್ಪ ಇಲ್ಲ. ರಸ್ತೆ ದಾಟಿ ಅವಳ ಮಿಲ್ಲಿನ ಬಾಗಿಲ ಮುಂದೆ ನಿಂತಿದ್ದರು. ಆಗಲೇ ಎರಡು ಸಲ ಸೀನಿದ್ದರು.

"ಬಾರವ್ವ, ಬೀಗ ತೆಗಿ. ನಿನ್ ಮಷೀನು ಹಚ್ಚು. ನಂತಾವ ಕೊಡೋಕೆ ಇನ್ನೊಂದು ಕುದುರೆ ಐತೆ."